ಯಾರ ಖರ್ಚಿನಲ್ಲಿ, ಯಾರ ಸಾಕ್ಷಿಯಲ್ಲಿ: ಮಧ್ಯಯುಗದ ಫ್ರಾನ್ಸಿನ ರಾಜಚರಿತೆಗಳು

1131ರ ಅಕ್ಟೋಬರ್‌ನಲ್ಲಿ ಫ್ರಾನ್ಸಿನ ಯುವರಾಜ ಫಿಲಿಪ್ ಪ್ಯಾರಿಸ್ಸಿನ ಹೊರವಲಯದಲ್ಲಿ ಕುದುರೆ ಸವಾರಿ ಮಾಡುತ್ತಿದ್ದ. ಎಲ್ಲಿಂದಲೋ ಒಂದು ಹಂದಿ ಕುದುರೆಯ ಕಾಲಿಗೆ ಅಡ್ಡ ಬಂತು. ಕುದುರೆ ಮುಗ್ಗರಿಸಿ ಹುಡುಗನ ಮೇಲೇ ಬಿತ್ತು. ಅವನು ಅದೇ ರಾತ್ರಿ ತೀರಿಕೊಂಡ. ಎರಡು ವರ್ಷಗಳ ಹಿಂದೆಯೇ ಅವನ ಪಟ್ಟಾಭಿಷೇಕ ಆಗಿತ್ತು, ತಂದೆ ಆರನೇ ಲೂಯಿ ಇನ್ನೂ ಬದುಕಿದ್ದ. ಮಠದ ಕಡೆಗೆಂದು ಬೆಳೆಸುತ್ತಿದ್ದ ಎರಡನೆಯ ಮಗನನ್ನು ತರಾತುರಿಯಲ್ಲಿ ಕರೆತಂದು, ಆ ತಿಂಗಳು ಮುಗಿಯುವುದರೊಳಗೆ ರಾನ್ಸ್ ನಗರದಲ್ಲಿ ಪೋಪ್ ಎರಡನೇ ಇನೊಸೆಂಟ್ ಕೈಯಿಂದ ಅಭಿಷೇಕ ಮಾಡಿಸಿದರು. ಅವನೇ ಏಳನೇ ಲೂಯಿ.

ಈ ಪ್ರಸಂಗವನ್ನು ಬರೆದಿಟ್ಟವನು ಸೇನ್ ದೆನಿ ಮಠದ ಅಧಿಪತಿ ಸ್ಯುಜೆ. ಆ ಹಂದಿಯನ್ನು ಅವನು ಕರೆದದ್ದು ‘ಪೈಶಾಚಿಕ ಹಂದಿ’ ಎಂದು. ಬೀದಿಯಲ್ಲಿ ಹಂದಿ ತಿರುಗುವುದು ಆಗಿನ ಪ್ಯಾರಿಸ್ಸಿನಲ್ಲಿ ದಿನನಿತ್ಯದ ಮಾತು. ಆದರೆ ಅಭಿಷಿಕ್ತ ರಾಜಕುಮಾರ ಹಾಗೆ ಸಾಯುವುದು ಬರೆಯುವವನಿಗೆ ಫಜೀತಿಯ ಸಂಗತಿ. ದೇವರು ಆರಿಸಿದ ವಂಶ ಎಂದು ಪುಟಗಟ್ಟಲೆ ಹೇಳಿ ಆಗಿದೆ. ಹಾಗಾಗಿ ದೋಷ ಪಿಶಾಚಿಯ ತಲೆಗೆ ಹೋಯಿತು. ಘಟನೆ ನಿಜ, ವಿಶೇಷಣ ಸ್ಯುಜೆಯದು. ರಾಜಚರಿತೆ ಓದುವಾಗ ಮಾಡಬೇಕಾದ ಮೊದಲ ಕೆಲಸ ಇವೆರಡನ್ನೂ ಬೇರೆಬೇರೆ ಇಡುವುದು. ಆಮೇಲೆ ಕೇಳಬೇಕಾದ ಪ್ರಶ್ನೆಗಳು ಕೆಲವಿವೆ: ಬರೆಸಿದವರು ಯಾರು, ಬರೆದವನ ಮುಂದೆ ಯಾವ ಹಳೆಯ ಪುಸ್ತಕ ತೆರೆದಿತ್ತು, ಘಟನೆಗೂ ಬರಹಕ್ಕೂ ನಡುವೆ ಎಷ್ಟು ವರ್ಷ ಕಳೆದಿತ್ತು, ನಮ್ಮ ಕೈಗೆ ಬಂದಿರುವುದು ಯಾರು ನಕಲು ಮಾಡಿದ ಪ್ರತಿ.

ಸ್ಯುಜೆ ಬರೆದ ಆರನೇ ಲೂಯಿಯ ಚರಿತೆಯಿಂದಲೇ ಶುರುಮಾಡೋಣ. ಆರನೇ ಲೂಯಿ ಆಳಿದ್ದು 1108ರಿಂದ 1137ರವರೆಗೆ. ಚರಿತೆಯ ಹೆಚ್ಚಿನ ಭಾಗ ಕೋಟೆ ಮುತ್ತಿಗೆಗಳ ಸರಮಾಲೆ. ಅದರಲ್ಲೂ ಲ ಪ್ಯುಯಿಸೆ ಎಂಬ ಒಂದು ಕೋಟೆಯ ಕಥೆಗೆ ಸಿಕ್ಕಿರುವ ಜಾಗ ನೋಡಿದರೆ ಅಚ್ಚರಿಯಾಗುತ್ತದೆ. 1111, 1112, 1118, ಹೀಗೆ ಮೂರು ಸಲ ರಾಜ ಅದನ್ನು ಕೆಡವಿಸಿದ. ಅಷ್ಟು ವಿವರ ಏಕೆ? ಆ ಕೋಟೆಯ ಒಡೆಯ ಯೂಗ್ ಪದೇಪದೇ ಲೂಟಿ ಮಾಡುತ್ತಿದ್ದುದು ಪಕ್ಕದ ತೂರಿ ಎಂಬ ಊರನ್ನು. ತೂರಿ ಸೇನ್ ದೆನಿ ಮಠದ ಜಹಗೀರು. ಮಠಾಧಿಪತಿಯಾಗುವ ಮೊದಲು ಆ ಜಹಗೀರಿನ ಉಸ್ತುವಾರಿ ನೋಡಿಕೊಳ್ಳುತ್ತಿದ್ದವನು ಇದೇ ಸ್ಯುಜೆ. ರಾಜನ ಶೌರ್ಯದ ಅಧ್ಯಾಯ ಒಂದು ಲೆಕ್ಕದಲ್ಲಿ ಮಠದ ಜಮೀನು ವ್ಯಾಜ್ಯದ ಅಧ್ಯಾಯ. ಇದರಿಂದ ಅದು ಸುಳ್ಳಾಗುವುದಿಲ್ಲ. ಸ್ಥಳ ಕಂಡವನು, ದಾರಿ ಗೊತ್ತಿದ್ದವನು ಬರೆದದ್ದರಿಂದ ಮುತ್ತಿಗೆಯ ವಿವರಕ್ಕೆ ಬೆಲೆ ಹೆಚ್ಚು. ಆದರೆ ಫ್ರಾನ್ಸಿನ ರಾಜಕಾರಣದಲ್ಲಿ ಲ ಪ್ಯುಯಿಸೆಗೆ ನಿಜಕ್ಕೂ ಅಷ್ಟು ತೂಕ ಇತ್ತೇ ಎಂಬುದನ್ನು ಈ ಪುಟಗಳ ಸಂಖ್ಯೆಯಿಂದ ಅಳೆಯಲು ಹೋದರೆ ಎಡವುತ್ತೇವೆ.

1124ರ ಪ್ರಸಂಗವೂ ಹೀಗೆಯೇ. ಜರ್ಮನ್ ಚಕ್ರವರ್ತಿ ಐದನೇ ಹೆನ್ರಿ ದಂಡೆತ್ತಿ ಬರುತ್ತಾನೆಂಬ ಸುದ್ದಿ ಬಂದಾಗ ಲೂಯಿ ಸೇನ್ ದೆನಿಗೆ ಹೋಗಿ, ಪೂಜಾವೇದಿಕೆಯ ಮೇಲಿದ್ದ ಧ್ವಜವನ್ನು ಎತ್ತಿಕೊಂಡು ಯುದ್ಧಕ್ಕೆ ಹೊರಟ. ವೆಕ್ಸಾಂ ಪ್ರಾಂತ್ಯವನ್ನು ತಾನು ಈ ಮಠದಿಂದಲೇ ಪಡೆದಿದ್ದೇನೆ, ರಾಜನಲ್ಲದಿದ್ದರೆ ಮಠಕ್ಕೆ ಸಾಮಂತ ಪ್ರಮಾಣ ಸಲ್ಲಿಸುತ್ತಿದ್ದೆ ಎಂದು ಅವನು ಒಪ್ಪಿಕೊಂಡನಂತೆ. ಬರೆದವನು ಮಠಾಧಿಪತಿ, ಆ ಒಪ್ಪಿಗೆಯಿಂದ ಗೌರವ ಹೆಚ್ಚಿದ್ದು ಮಠಕ್ಕೆ.

ಸೇನ್ ದೆನಿಯಲ್ಲೇ ಈ ಕೆಲಸ ನೆಲೆಗೊಳ್ಳಲು ಕಾರಣಗಳಿದ್ದವು. ರಾಜರ ಗೋರಿಗಳು ಅಲ್ಲಿದ್ದವು. ಕಿರೀಟವೂ ಅಭಿಷೇಕದ ಸಾಮಗ್ರಿಯೂ ಅಲ್ಲೇ ಇರುತ್ತಿದ್ದವು. ದಾನಪತ್ರಗಳ ಭಂಡಾರವಿತ್ತು, ಹಳೆಯ ವೃತ್ತಾಂತಗಳ ಪುಸ್ತಕಗಳಿದ್ದವು, ಓದುಬರಹ ಬಲ್ಲ, ಬೇರೆ ಕಸುಬಿಲ್ಲದ ಸನ್ಯಾಸಿಗಳೂ ಇದ್ದರು. ಕೆಲಸದ ಕ್ರಮ ಸರಳ. ಮೊದಲ ಕರಡು ಮೇಣ ಬಳಿದ ಹಲಗೆಯ ಮೇಲೆ, ತಿದ್ದಬೇಕಾದರೆ ಒರೆಸಿದರಾಯಿತು. ಆಮೇಲೆ ಹದ ಮಾಡಿದ ಕುರಿ ಅಥವಾ ಕರುವಿನ ತೊಗಲಿನ ಮೇಲೆ ಶುದ್ಧಪ್ರತಿ. ಸಾಮಾನ್ಯವಾಗಿ ನಾಲ್ಕು ಹಾಳೆ ಒಟ್ಟಿಗೆ ಮಡಿಸಿದರೆ ಎಂಟು ಎಲೆ, ಹದಿನಾರು ಪುಟದ ಒಂದು ಕಟ್ಟು. ಕಟ್ಟಿನ ಕೊನೆಯ ಪುಟದ ಅಡಿಯಲ್ಲಿ ಮುಂದಿನ ಕಟ್ಟಿನ ಮೊದಲ ಪದವನ್ನು ಬರೆದಿಡುತ್ತಿದ್ದರು, ಹೊಲಿಯುವವನು ಕ್ರಮ ತಪ್ಪದಿರಲೆಂದು. ಚಿತ್ರಕ್ಕೂ ದೊಡ್ಡ ಅಕ್ಷರಕ್ಕೂ ಜಾಗ ಖಾಲಿ ಬಿಟ್ಟು ಮುಂದಿನವನಿಗೆ ದಾಟಿಸುತ್ತಿದ್ದರು. ತಪ್ಪುಗಳು ನುಸುಳುತ್ತಿದ್ದುದು ಇದೇ ಹಾದಿಯಲ್ಲಿ. ಎರಡು ಸಾಲು ಒಂದೇ ಪದದಿಂದ ಮುಗಿದರೆ ನಕಲುಗಾರನ ಕಣ್ಣು ಮೊದಲನೆಯದರಿಂದ ಎರಡನೆಯದಕ್ಕೆ ಹಾರಿ ನಡುವಿನದ್ದು ಬಿಟ್ಟುಹೋಗುತ್ತದೆ. ವಾಕ್ಯ ವ್ಯಾಕರಣಕ್ಕೆ ಸರಿಯಾಗಿಯೇ ಕಾಣುವುದರಿಂದ ಬೇರೆ ಪ್ರತಿ ಪಕ್ಕಕ್ಕಿಡದೆ ಪತ್ತೆಯಾಗುವುದಿಲ್ಲ.

ಸ್ಯುಜೆಯ ನಂತರ ಅದೇ ಮಠದಲ್ಲಿ ಬರೆದ ರಿಗೋರ್ ಮೂಲತಃ ದಕ್ಷಿಣ ಫ್ರಾನ್ಸಿನ ವೈದ್ಯ. ಎರಡನೇ ಫಿಲಿಪ್‌ಗೆ ‘ಅಗಸ್ಟಸ್’ ಎಂಬ ಬಿರುದು ಕೊಟ್ಟವನು ಇವನೇ. ಇವನ ಕೈಯಲ್ಲಿ ಒಂದು ಪುಟ್ಟ ದೃಶ್ಯವಿದೆ. ರಾಜ ಅರಮನೆಯ ಕಿಟಕಿಯಲ್ಲಿ ನಿಂತು ಸೇನ್ ನದಿಯನ್ನು ನೋಡುತ್ತಿದ್ದಾನೆ. ಕೆಳಗೆ ಗಾಡಿಗಳು ಹಾಯುತ್ತವೆ, ಚಕ್ರಗಳು ಕೆಸರನ್ನು ಕಲಕುತ್ತವೆ, ಎದ್ದ ನಾತ ತಡೆಯಲಾಗದೆ ರಾಜ ಹಿಂದೆ ಸರಿಯುತ್ತಾನೆ. ನಗರದ ಮುಖ್ಯರನ್ನು ಕರೆಸಿ ಬೀದಿಗಳಿಗೆ ಗಟ್ಟಿ ಕಲ್ಲು ಹಾಸಲು ಆಜ್ಞೆ ಮಾಡುತ್ತಾನೆ. ಪ್ಯಾರಿಸ್ಸಿನ ಬೀದಿಗೆ ಕಲ್ಲು ಬಿದ್ದ ಕಥೆ ನಮಗೆ ದೊರೆತದ್ದು ಹೀಗೆ.

ಈ ಪುಸ್ತಕ ಎರಡು ಮನಸ್ಸಿನದು. ಮೊದಲ ಭಾಗದಲ್ಲಿ ಫಿಲಿಪ್ ಏನು ಮಾಡಿದರೂ ಹೊಗಳಿಕೆ; 1182ರಲ್ಲಿ ಯಹೂದಿಗಳನ್ನು ರಾಜ್ಯದಿಂದ ಓಡಿಸಿದ್ದನ್ನೂ ರಿಗೋರ್ ಕೊಂಡಾಡುತ್ತಾನೆ. 1193ರಲ್ಲಿ ರಾಜ ಡೆನ್ಮಾರ್ಕಿನ ಇಂಗೆಬೊರ್ಗ್‌ಳನ್ನು ಮದುವೆಯಾಗಿ ಮರುದಿನವೇ ದೂರ ಮಾಡಿದ. 1198ರಲ್ಲಿ ಯಹೂದಿಗಳನ್ನು ಹಣದ ಅಗತ್ಯಕ್ಕಾಗಿ ಮತ್ತೆ ಕರೆಸಿಕೊಂಡ. ಅಲ್ಲಿಂದ ಲೇಖನಿಯ ರುಚಿ ಕೆಡುತ್ತದೆ. ಹತ್ತು ವರ್ಷ ದುಡಿದ ಈ ಕೃತಿಯನ್ನು ನಾಶಮಾಡಬೇಕೆಂದಿದ್ದೆ, ಮಠಾಧಿಪತಿ ಬಿಡಲಿಲ್ಲ ಎಂದು ಅವನೇ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾನೆ. ಮುಂದೆ ಇದನ್ನು ಎತ್ತಿಕೊಂಡ ಗಿಯೋಮ್ ಲ ಬ್ರೆತೋನ್ ರಾಜನ ಸ್ವಂತ ಪುರೋಹಿತ. 1214ರ ಜುಲೈ 27ರಂದು ಬುವೀನ್ ಕಾಳಗದಲ್ಲಿ ರಾಜನ ಬೆನ್ನಹಿಂದೆಯೇ ನಿಂತು ಕೀರ್ತನೆಗಳನ್ನು ಹಾಡುತ್ತಿದ್ದವನು. ಅವನು ರಿಗೋರ್‌ನ ಬರಹವನ್ನು ಸಂಕ್ಷೇಪಿಸಿ, ತನ್ನ ಭಾಗ ಸೇರಿಸಿ, ಆಮೇಲೆ ಅದನ್ನೇ ಲ್ಯಾಟಿನ್ ಮಹಾಕಾವ್ಯವನ್ನಾಗಿಯೂ ಹಿಗ್ಗಿಸಿದ. ಬರೀ ಗಿಯೋಮ್‌ನನ್ನು ಓದಿದವರಿಗೆ ರಿಗೋರ್‌ನ ಮುನಿಸಿನ ಅರ್ಧವೂ ಸಿಗುವುದಿಲ್ಲ.

ಇದೆಲ್ಲ ಲ್ಯಾಟಿನ್‌ನಲ್ಲಿತ್ತು. ಪ್ರಿಮಾ ಎಂಬ ಸೇನ್ ದೆನಿಯ ಸನ್ಯಾಸಿ ಇವನ್ನೆಲ್ಲ ಫ್ರೆಂಚ್‌ಗೆ ತಂದು 1274ರಲ್ಲಿ ಮೂರನೇ ಫಿಲಿಪ್‌ಗೆ ಒಪ್ಪಿಸಿದ. ‘ಫ್ರಾನ್ಸಿನ ಮಹಾವೃತ್ತಾಂತಗಳು’ ಎಂದು ಮುಂದೆ ಹೆಸರಾದ ಪರಂಪರೆಯ ಬುಡ ಇದು. ಅರಸನಿಗೆ ಕೊಟ್ಟ ಆ ಪ್ರತಿ ಈಗಲೂ ಪ್ಯಾರಿಸ್ಸಿನ ಸೇಂತ್ ಜೆನೆವಿಯೆವ್ ಗ್ರಂಥಾಲಯದಲ್ಲಿದೆ. ಕಥೆ ಶುರುವಾಗುವುದು ಟ್ರಾಯ್ ನಗರದಿಂದ ಓಡಿಬಂದ ವೀರರಿಂದ. ಹೊಸಬರು ಜಾರುವುದು ಇಲ್ಲೇ: ಈ ಪುಸ್ತಕದಲ್ಲಿ ನಾನೂರು ವರ್ಷಕ್ಕೂ ಹಿಂದಿನ ಚಕ್ರವರ್ತಿ ಶಾರ್ಲಮೇನ್ ಬಗ್ಗೆ ಸಿಕ್ಕಿದ ಮಾತನ್ನು ಪ್ರಿಮಾನ ಸಾಕ್ಷ್ಯವೆಂದು ಉಲ್ಲೇಖಿಸಿಬಿಡುತ್ತಾರೆ. ಅದು ಸಾಕ್ಷ್ಯವೇ ಅಲ್ಲ, ಅನುವಾದ. ಒಂದು ಪುಟ ಐನ್‌ಹಾರ್ಡ್‌ನದು, ಮುಂದಿನದು ಆರ್ಚ್‌ಬಿಷಪ್ ಟರ್ಪಿನ್‌ನ ಹೆಸರಿನಲ್ಲಿ ಯಾರೋ ಹೊಸೆದ 12ನೇ ಶತಮಾನದ ಕಟ್ಟುಕಥೆ. ಐನ್‌ಹಾರ್ಡ್ ಶಾರ್ಲಮೇನ್‌ನ ಆಸ್ಥಾನದಲ್ಲಿದ್ದವನು ನಿಜ, ಆದರೆ ದೊರೆಯ ಮೈಕಟ್ಟು ವರ್ಣಿಸುವಾಗ ರೋಮನ್ ಚಕ್ರವರ್ತಿಗಳ ಚರಿತೆ ಬರೆದ ಸ್ವೆಟೋನಿಯಸ್‌ನ ಪದಗಳನ್ನೇ ಎರವಲು ಪಡೆದ. ಒಂದೊಂದು ವಾಕ್ಯಕ್ಕೂ ಮೂಲ ಹುಡುಕಿದ ಮೇಲೆಯೇ ಅದರ ಕಾಲ ನಿರ್ಧಾರವಾಗುವುದು.

ಇನ್ನು ಒಂಬತ್ತನೇ ಲೂಯಿ. ಒಬ್ಬನೇ ರಾಜ, ಬೇರೆಬೇರೆ ಲೇಖನಿಗಳು. ಈ ಶಾಸ್ತ್ರ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಅವನು 1270ರ ಆಗಸ್ಟ್ 25ರಂದು ಟ್ಯೂನಿಸ್ ಎದುರಿನ ದಂಡಿನಲ್ಲಿ ಸತ್ತ. 1297ರಲ್ಲಿ ಸಂತ ಪದವಿ ಸಿಕ್ಕಿತು. ಈ 27 ವರ್ಷಗಳಲ್ಲಿ ಬರೆದವರಿಗೆಲ್ಲ ಗುರಿ ಒಂದೇ, ರೋಮ್ ಒಪ್ಪಬೇಕು. ಇಪ್ಪತ್ತು ವರ್ಷ ರಾಜನ ಪಾಪನಿವೇದನೆ ಕೇಳಿದ ಡೊಮಿನಿಕನ್ ಗುರು ಜೆಫ್ರ್ವಾ ದ ಬೋಲಿಯು ಮೊದಲು ಬರೆದ. ಬೈಬಲ್ಲಿನ ದೊರೆ ಯೋಷೀಯನಿಗೆ ಹೋಲಿಸಿ ಶುರುಮಾಡಿ, ಗುಣಗಳನ್ನು ಒಂದೊಂದಾಗಿ ತೆಗೆದು ತೋರಿಸುತ್ತಾನೆ: ವಿನಯ, ಉಪವಾಸ, ದಾನ, ಮೈ ದಂಡಿಸಿಕೊಳ್ಳುವ ವ್ರತ. ಶುಕ್ರವಾರದ ಪಾಪನಿವೇದನೆಯ ನಂತರ ರಾಜ ಬೆನ್ನಿಗೆ ಹೊಡೆಸಿಕೊಳ್ಳುತ್ತಿದ್ದ ಪುಟ್ಟ ಕಬ್ಬಿಣದ ಸರಪಳಿಗಳ ವಿವರ ನಮಗೆ ಸಿಗುವುದು ಇವನಿಂದ. ಅದು ಗುರುವಿಗಷ್ಟೇ ಗೊತ್ತಿರಬಹುದಾದ ಸಂಗತಿ. ಆದರೆ ಇಸವಿ, ಊರು, ಯುದ್ಧ ಕೇಳಿದರೆ ಇವನು ಸಿಗುವುದಿಲ್ಲ.

1282–83ರಲ್ಲಿ ಸೇನ್ ದೆನಿಯಲ್ಲೇ ವಿಚಾರಣೆ ನಡೆಯಿತು. ರಾಜನ ನಡತೆಯ ಬಗ್ಗೆ 38 ಮಂದಿ, ಪವಾಡಗಳ ಬಗ್ಗೆ ಸುಮಾರು 330 ಮಂದಿ ಪ್ರಮಾಣ ಮಾಡಿ ಹೇಳಿಕೆ ಕೊಟ್ಟರು. ಆ ದಾಖಲೆಯ ಬಹುಪಾಲು ಕಳೆದುಹೋಗಿದೆ. ರಾಣಿ ಮಾರ್ಗರೀತ್‌ಳ ಗುರುವಾಗಿದ್ದ ಫ್ರಾನ್ಸಿಸ್ಕನ್ ಸನ್ಯಾಸಿ ಗಿಯೋಮ್ ದ ಸೇನ್ ಪಾತು 1302–03ರ ಹೊತ್ತಿಗೆ ಅದನ್ನು ಆಧರಿಸಿ ಚರಿತೆಯನ್ನೂ 65 ಪವಾಡಗಳ ಕಥನವನ್ನೂ ಬರೆದ. ಅದೂ ಉಳಿದಿರುವುದು ಫ್ರೆಂಚ್ ರೂಪದಲ್ಲಿ; ಲ್ಯಾಟಿನ್ ಮೂಲವಿಲ್ಲ. ಆದರೂ ಪವಾಡದ ಭಾಗವನ್ನು ಸಾಮಾಜಿಕ ಇತಿಹಾಸದವರು ಬಿಡುವುದಿಲ್ಲ. ಕಾಲು ಸೊಟ್ಟಗಾದ ಅಗಸಗಿತ್ತಿ, ಬಾವಿಗೆ ಬಿದ್ದ ಮಗು, ಇಂಥವರ ಊರು ಕಸುಬುಗಳು ರಾಜಚರಿತೆಯ ಬೇರೆ ಯಾವ ಪುಟದಲ್ಲೂ ಬರುವುದಿಲ್ಲ.

ಈಗ ಜ್ವಾಂವಿಲ್. ಶಾಂಪೇನ್ ಪ್ರಾಂತ್ಯದ ಸೆನೆಶಲ್ ಎಂಬ ವಂಶಪಾರಂಪರ್ಯ ಅಧಿಕಾರಿ, ಮಠದವನಲ್ಲ. 1248ರಲ್ಲಿ ಲೂಯಿಯ ಧರ್ಮಯುದ್ಧಕ್ಕೆ ಹೊರಟವನು, ಆರು ವರ್ಷ ಜೊತೆಗಿದ್ದವನು. ಎರಡನೆಯ ಸಲ ಕರೆದಾಗ ತನ್ನ ಪ್ರಜೆಗಳು ಹಾಳಾಗುತ್ತಾರೆಂದು ಹೋಗಲೊಪ್ಪಲಿಲ್ಲ. 1282ರ ವಿಚಾರಣೆಯಲ್ಲಿ ಎರಡು ದಿನ ಸಾಕ್ಷಿ ಹೇಳಿದ. ನವಾರ್‌ನ ಜಾನ್ ರಾಣಿ ಕೇಳಿಕೊಂಡಿದ್ದಕ್ಕೆ ಪುಸ್ತಕ ಹೇಳಿ ಬರೆಸಿದ. 1305ರಲ್ಲಿ ರಾಣಿ ತೀರಿಕೊಂಡಳು. ಪುಸ್ತಕದ ಕೊನೆಯಲ್ಲಿರುವ ದಿನಾಂಕ 1309ರ ಅಕ್ಟೋಬರ್. ಆಗ ಅವನಿಗೆ ಎಂಬತ್ತು ದಾಟಿತ್ತು, ಈಜಿಪ್ಟಿನ ಘಟನೆಗಳಿಗೆ ಅರವತ್ತು ವರ್ಷ ತುಂಬುತ್ತಿತ್ತು.

1250ರಲ್ಲಿ ರಾಜ ಈಜಿಪ್ಟಿನಲ್ಲಿ ಸಾರಾಸೆನ್ನರ, ಅಂದರೆ ಮುಸ್ಲಿಮರ, ಕೈಗೆ ಸೆರೆಸಿಕ್ಕಿ ಬಿಡುಗಡೆಯ ಹಣ ಕೊಡುವ ದೃಶ್ಯವನ್ನು ಹತ್ತಿರದಿಂದ ನೋಡೋಣ. ಮುಂಗಡವಾಗಿ 2,00,000 ಲೀವ್ರ್ ಕೊಡಬೇಕು. ನಾಣ್ಯ ಎಣಿಸುತ್ತ ಕೂರಲಿಲ್ಲ, ತಕ್ಕಡಿಯಲ್ಲಿ ತೂಗಿದರು. ಒಂದು ತೂಕಕ್ಕೆ 10,000 ಲೀವ್ರ್. ಶನಿವಾರ ಬೆಳಿಗ್ಗೆ ಶುರುವಾದದ್ದು ಭಾನುವಾರ ಸಂಜೆಯಾದರೂ ಮುಗಿಯಲಿಲ್ಲ, 30,000 ಕಡಿಮೆ ಬಿತ್ತು. ಟೆಂಪ್ಲರ್ ಯೋಧಸನ್ಯಾಸಿಗಳ ಹಡಗಿನಲ್ಲಿ ಜನರು ಇಟ್ಟ ಠೇವಣಿ ಇತ್ತು. ಪರರ ಹಣ, ಪ್ರಮಾಣ ಮಾಡಿದ್ದೇವೆ, ಕೊಡಲಾರೆವು ಎಂದರು. ಬಲವಂತದಿಂದ ತೆಗೆದರೆ ನಮ್ಮ ಮೇಲೆ ತಪ್ಪಿಲ್ಲ ಎಂಬ ಸೂಚನೆಯನ್ನೂ ಅವರ ಮಾರ್ಷಲ್ ಕೊಟ್ಟ. ಜ್ವಾಂವಿಲ್ ಹಡಗಿನ ತಳಕ್ಕಿಳಿದು, ಬಿದ್ದಿದ್ದ ಕೊಡಲಿ ಎತ್ತಿಕೊಂಡು, ಇದೇ ರಾಜನ ಬೀಗದ ಕೈ ಎಂದ. ಬೀಗದ ಕೈ ಹೊರಬಂತು. ಹಣ ಸಂದ ಮೇಲೆ ಫಿಲಿಪ್ ದ ನೆಮೂರ್ ಎಂಬವನು, ಒಂದು ತೂಕದ ಲೆಕ್ಕದಲ್ಲಿ ಸಾರಾಸೆನ್ನರಿಗೆ ಟೋಪಿ ಹಾಕಿದ್ದೇವೆ ಎಂದು ಬಾಯಿಬಿಟ್ಟ. ರಾಜ ಸಿಟ್ಟಾದ, ಆ 10,000 ಕೊಟ್ಟೇ ತೀರಬೇಕೆಂದ. ಜ್ವಾಂವಿಲ್ ಫಿಲಿಪ್‌ನ ಕಾಲು ತುಳಿದು, ಪ್ರಭು, ಅವನ ಮಾತು ನಂಬಬೇಡಿ, ಲೆಕ್ಕದಲ್ಲಿ ಸಾರಾಸೆನ್ನರನ್ನು ಮೀರಿಸಿದವರಿಲ್ಲ ಎಂದು ತೇಪೆ ಹಚ್ಚಲು ನೋಡಿದ.

ರಾಜನ ಪ್ರಾಮಾಣಿಕತೆಗೆ ಉದಾಹರಣೆ ಬೇಕಿದ್ದರೆ ಯಾವ ಗುರುವಾದರೂ ಎರಡು ಸಾಲಿನಲ್ಲಿ ಮುಗಿಸುತ್ತಿದ್ದ. ಬರೆದವನೇ ಸುಳ್ಳಿಗೆ ಒತ್ತಾಸೆಯಾಗಿ ನಿಂತ ಈ ಕಾಲು ತುಳಿತಕ್ಕೆ ಸಂತಚರಿತೆಯ ಅಚ್ಚಿನಲ್ಲಿ ಜಾಗವೇ ಇಲ್ಲ. ಅಚ್ಚಿನಿಂದ ಹೊರಗೆ ಚೆಲ್ಲಿದ ಇಂಥ ಕಡೆಗಳಲ್ಲಿ ಜ್ವಾಂವಿಲ್‌ನನ್ನು ಹೆಚ್ಚು ನಂಬಬಹುದು. ಅತ್ತೆ ಬ್ಲಾಂಶ್ ಕಣ್ಣುತಪ್ಪಿಸಿ ರಾಜ ರಾಣಿ ಪೊಂತ್ವಾಜ್ ಅರಮನೆಯ ಸುತ್ತುಮೆಟ್ಟಿಲಿನಲ್ಲಿ ಮಾತಾಡುತ್ತಿದ್ದುದು, ಅತ್ತೆ ಬಂದರೆ ಸೇವಕರು ಬಾಗಿಲಿಗೆ ಕೋಲು ಬಡಿದು ಎಚ್ಚರಿಸುತ್ತಿದ್ದುದು ಇದೇ ಸಾಲಿಗೆ ಸೇರುತ್ತದೆ. ಹೆಂಡತಿ ಮಕ್ಕಳ ಬಗ್ಗೆ ರಾಜ ವಿಚಾರಿಸದೆ ಇದ್ದದ್ದು ತನಗೆ ಸರಿಕಾಣಲಿಲ್ಲ ಎಂದೂ ನೇರವಾಗಿ ಬರೆಸಿದ್ದಾನೆ. ವ್ಯಾಂಸೆನ್ ಕಾಡಿನ ಓಕ್ ಮರದ ಕೆಳಗೆ ಕೂತು ನ್ಯಾಯ ಹೇಳಿದ ಪ್ರಸಿದ್ಧ ಚಿತ್ರಕ್ಕೂ ಇವನೇ ಮೂಲ. ಪ್ಯಾರಿಸ್ಸಿನ ತೋಟದಲ್ಲಿ ನ್ಯಾಯ ಕೇಳುವಾಗ ರಾಜನ ತಲೆಯ ಮೇಲೆ ಬಿಳಿ ನವಿಲುಗರಿಯ ಟೋಪಿ ಇತ್ತೆಂಬುದೂ ಅಲ್ಲೇ ಇದೆ.

ಹಾಗೆಂದು ಇಡೀ ಪುಸ್ತಕ ಕಣ್ಣಾರೆ ಕಂಡದ್ದಲ್ಲ. ಟ್ಯೂನಿಸ್‌ಗೆ ಇವನು ಹೋಗಲಿಲ್ಲ. ರಾಜನ ಸಾವಿನ ವಿವರ ರಾಜಪುತ್ರನಿಂದ ಕೇಳಿದ್ದು. ಕೊನೆಯ ಭಾಗದಲ್ಲಿ ಫ್ರೆಂಚ್ ಪುಸ್ತಕವೊಂದರಿಂದ ತೆಗೆದುಕೊಂಡಿದ್ದೇನೆಂದು ತಾನೇ ಹೇಳುತ್ತಾನೆ. ಹಸ್ತಪ್ರತಿಯ ತೊಡಕು ಬೇರೆ. ಪುಸ್ತಕ ಬರೆಸಿದ ಜಾನ್ ರಾಣಿಯ ಮಗನಿಗೆ ಕೊಟ್ಟ ಮೂಲ ಇಲ್ಲ. ಉಳಿದವುಗಳಲ್ಲಿ ಹಳೆಯದು 14ನೇ ಶತಮಾನದ್ದು, ಬಹುಕಾಲ ಬ್ರಸೆಲ್ಸ್‌ನಲ್ಲಿದ್ದು, 1746ರಲ್ಲಿ ಫ್ರೆಂಚ್ ಸೇನೆ ಆ ನಗರ ಹಿಡಿದಾಗ ಪ್ಯಾರಿಸ್ಸಿಗೆ ಬಂದದ್ದು. 1547ರ ಮೊದಲ ಮುದ್ರಣವನ್ನು ಸಂಪಾದಕ ತನ್ನ ಕಾಲದ ಭಾಷೆಗೆ ಧಾರಾಳವಾಗಿ ತಿದ್ದಿಬಿಟ್ಟಿದ್ದ. ಇನ್ನೂರು ವರ್ಷ ಓದುಗರಿಗೆ ಸಿಕ್ಕಿದ್ದು ಇಂಥ ತಿದ್ದಿದ ಜ್ವಾಂವಿಲ್. 19ನೇ ಶತಮಾನದಲ್ಲಿ ನತಾಲಿಸ್ ದ ವೈಯಿ ಎಂಬ ವಿದ್ವಾಂಸ ಜ್ವಾಂವಿಲ್‌ನ ಕಚೇರಿಯಿಂದ ಹೊರಟ ದಾಖಲೆಪತ್ರಗಳ ಕಾಗುಣಿತ ನೋಡಿ ಮೂಲದ ಭಾಷೆಯನ್ನು ಮತ್ತೆ ಕಟ್ಟಿದ. ಜಾಣತನದ ಕೆಲಸವೇ, ಆದರೆ ಹಾಗೆ ಕಟ್ಟಿದ ಪಠ್ಯ ಯಾವ ಹಸ್ತಪ್ರತಿಯಲ್ಲೂ ಇಲ್ಲವೆಂಬುದನ್ನು ಮರೆಯಬಾರದು.

ದಿನಾಂಕ, ಹಣ, ಅಂಕಿ ಇವು ಮೂರೂ ಕೈಕೊಡುವ ಜಾಗಗಳು. ಫ್ರೆಂಚ್ ಆಸ್ಥಾನದ ರೂಢಿಯಲ್ಲಿ ಹೊಸ ವರ್ಷ ಈಸ್ಟರ್‌ನಿಂದ. ಈಸ್ಟರ್ ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಎಂದಾದರೂ ಬರಬಹುದಾದ್ದರಿಂದ ವರ್ಷ ಒಮ್ಮೆ ಹನ್ನೊಂದು ತಿಂಗಳು, ಒಮ್ಮೆ ಹದಿಮೂರು. ಕಾಡುಮನುಷ್ಯರ ವೇಷ ಹಾಕಿ ಕುಣಿಯುತ್ತಿದ್ದ ಆರನೇ ಚಾರ್ಲ್ಸ್‌ನ ಸಂಗಡಿಗರಿಗೆ ದೀವಟಿಗೆಯ ಬೆಂಕಿ ತಗುಲಿ ನಾಲ್ವರು ಸತ್ತದ್ದು ನಮ್ಮ ಲೆಕ್ಕಕ್ಕೆ 1393ರ ಜನವರಿ 28, ಅವರ ಲೆಕ್ಕಕ್ಕೆ 1392. ಮಹಾವೃತ್ತಾಂತಗಳ ಮೊದಲ ಮುದ್ರಣದ ಕೊನೆಯಲ್ಲಿ 1476ರ ಜನವರಿ ಎಂದಿದ್ದರೂ ಅದು 1477. ಜನವರಿಯಿಂದ ಈಸ್ಟರ್‌ವರೆಗಿನ ಯಾವ ದಿನಾಂಕ ಕಂಡರೂ ಒಂದು ಕೂಡಿಸಬೇಕೇ ಎಂದು ಕೇಳಿಕೊಳ್ಳಿ. ಸಂಪಾದಕ ಈಗಾಗಲೇ ಕೂಡಿಸಿದ್ದರೆ ಎರಡನೇ ಸಲ ಕೂಡಿಸಬೇಡಿ. ಹಣದಲ್ಲಿ ಒಂದು ಲೀವ್ರ್‌ಗೆ 20 ಸೂ, ಒಂದು ಸೂಗೆ 12 ದೆನಿಯೆ. ಪ್ಯಾರಿಸ್ಸಿನ ನಾಲ್ಕು ಲೀವ್ರ್ ತೂರ್ ನಗರದ ಐದಕ್ಕೆ ಸಮ. ಯಾವುದೆಂದು ನೋಡದೆ ಎರಡು ವೃತ್ತಾಂತಗಳ ಮೊತ್ತ ಹೋಲಿಸಿದರೆ ಕಾಲುಭಾಗದ ವ್ಯತ್ಯಾಸ ಗಾಳಿಯಿಂದ ಹುಟ್ಟುತ್ತದೆ. ಅಂಕಿಯನ್ನು ರೋಮನ್ ಅಕ್ಷರದಲ್ಲಿ, ಇಪ್ಪತ್ತರ ಗುಂಪಾಗಿ ಬರೆಯುತ್ತಿದ್ದರು. ನಾಲ್ಕು ಗೀಟಿನ ತಲೆಯ ಮೇಲೆ ಇಪ್ಪತ್ತರ ಪುಟ್ಟ ಗುರುತಿದ್ದರೆ ಎಂಬತ್ತು. ಆ ಗುರುತನ್ನು ನಕಲುಗಾರ ಬಿಟ್ಟರೆ ಎಂಬತ್ತು ಸವಾರರು ನಾಲ್ವರಾಗುತ್ತಾರೆ.

14ನೇ ಶತಮಾನದಲ್ಲಿ ಆಸ್ಥಾನವೇ ಕೆಲಸವನ್ನು ಕೈಗೆತ್ತಿಕೊಂಡಿತು. ಐದನೇ ಚಾರ್ಲ್ಸ್ ಮಹಾವೃತ್ತಾಂತಗಳಲ್ಲಿ ತನ್ನ ಆಳ್ವಿಕೆಯ ಭಾಗವನ್ನು ಬರೆಸಿದ್ದು ಚಾನ್ಸಲರ್ ಎಂಬ ಹಿರಿಯ ರಾಜ್ಯಾಧಿಕಾರಿ ಪಿಯೆರ್ ದೊರ್ಜಮಾಂ ಮೇಲ್ವಿಚಾರಣೆಯಲ್ಲಿ. 1378ರಲ್ಲಿ ಜರ್ಮನ್ ಚಕ್ರವರ್ತಿ ನಾಲ್ಕನೇ ಚಾರ್ಲ್ಸ್ ಪ್ಯಾರಿಸ್ಸಿಗೆ ಬಂದಾಗ ಅವನಿಗೆ ಕೊಟ್ಟದ್ದು ಕಪ್ಪು ಕುದುರೆ; ಬಿಳಿ ಕುದುರೆ ಫ್ರಾನ್ಸಿನ ರಾಜನಿಗೆ. ಚಕ್ರವರ್ತಿ ತನ್ನ ಸ್ವಂತ ನಗರಗಳನ್ನು ಬಿಳಿ ಕುದುರೆಯ ಮೇಲೆ ಪ್ರವೇಶಿಸುವ ಸಂಪ್ರದಾಯವಿದ್ದುದರಿಂದ, ಇಲ್ಲಿ ಅವನಿಗೆ ಒಡೆತನವಿಲ್ಲ ಎಂದು ತೋರಿಸಲು ಹೀಗೆ ಮಾಡಿದೆವು ಎಂದು ವೃತ್ತಾಂತ ಬಿಡಿಸಿಯೇ ಹೇಳುತ್ತದೆ. ರಾಜನ ಪ್ರತಿಯಲ್ಲಿ ಆ ಕುದುರೆಗಳ ಚಿತ್ರವೂ ಇದೆ.

ಇದೇ ರಾಜನ ಚರಿತೆಯನ್ನು ಬರೆದವಳು ಕ್ರಿಸ್ತೀನ್ ದ ಪಿಜಾನ್, ಆಸ್ಥಾನ ಜ್ಯೋತಿಷಿಯ ಮಗಳು. 1404ರ ಜನವರಿಯಲ್ಲಿ ರಾಜನ ತಮ್ಮ, ಬರ್ಗಂಡಿಯ ಡ್ಯೂಕ್ ಫಿಲಿಪ್ ಆಕೆಯನ್ನು ಕರೆಸಿ ಕೆಲಸ ಒಪ್ಪಿಸಿದ. ಏಪ್ರಿಲ್ 28ಕ್ಕೆ ಮೊದಲ ಭಾಗ ಮುಗಿಯಿತು. ಬರೆಸಿದ ಡ್ಯೂಕ್ ಹಿಂದಿನ ದಿನವಷ್ಟೇ ಸತ್ತಿದ್ದ. ನವೆಂಬರ್ ಕೊನೆಗೆ ಮೂರೂ ಭಾಗ ಮುಗಿಸಿದಳು. ಹನ್ನೊಂದು ತಿಂಗಳಲ್ಲಿ ಇಷ್ಟು ಬರೆದದ್ದು ಮಹಾವೃತ್ತಾಂತಗಳಿಂದಲೂ ನೀತಿಗ್ರಂಥಗಳಿಂದಲೂ ಉದ್ದುದ್ದ ಭಾಗಗಳನ್ನು ಎತ್ತಿಕೊಂಡು. ಆದರೆ ರಾಜನ ಹಳೆಯ ಸೇವಕರನ್ನು ಕೇಳಿ ಬರೆದ ದಿನಚರಿ ಅವಳದೇ: ಆರರಿಂದ ಏಳರೊಳಗೆ ಏಳುವುದು, ಪ್ರಾರ್ಥನೆ, ದಾರಿಯಲ್ಲಿ ಅರ್ಜಿ ಹಿಡಿದು ನಿಂತ ಬಡವರು, ಸಭೆ, ಹತ್ತರ ಸುಮಾರಿಗೆ ಊಟ, ಆಮೇಲೆ ಎರಡು ಗಂಟೆ ರಾಯಭಾರಿಗಳು, ಒಂದು ಗಂಟೆ ವಿಶ್ರಾಂತಿ. ಡ್ಯೂಕ್‌ನ ಅಣ್ಣ ಆದರ್ಶ ದೊರೆ ಎನ್ನುವ ಪುಸ್ತಕ ಇದು, ಕೊರತೆಗಳನ್ನು ಇಲ್ಲಿ ಹುಡುಕಬೇಡಿ.

ಕೊರತೆ ಬೇಕಿದ್ದರೆ ತೋಮಾ ಬಜಾನ್. ಲಿಸಿಯೂದ ಬಿಷಪ್ ಆಗಿದ್ದು ಹನ್ನೊಂದನೇ ಲೂಯಿಯ ಕೋಪಕ್ಕೆ ಸಿಕ್ಕಿ, ಪೀಠ ಕಳೆದುಕೊಂಡು, ದೇಶದ ಹೊರಗೆ ಕೂತು ರಾಜನ ಚರಿತೆಯನ್ನು ಲ್ಯಾಟಿನ್‌ನಲ್ಲಿ ಬರೆದ. ಬಹುಕಾಲ ಆ ಪುಸ್ತಕ ಅಮೆಲ್ಗಾರ್ ಎಂಬ ಬೇರೊಬ್ಬನ ಹೆಸರಿನಲ್ಲಿ ಓಡಾಡಿತು. 19ನೇ ಶತಮಾನದಲ್ಲಿ ಜ್ಯೂಲ್ ಕಿಶೆರಾ ನಿಜವಾದ ಕರ್ತೃವನ್ನು ಗುರುತಿಸಿದ. ಇನ್ನೊಂದು ಬದಿಗೆ ಫಿಲಿಪ್ ದ ಕೊಮಿನ್: 1472ರ ಆಗಸ್ಟ್ ತಿಂಗಳ ಒಂದು ರಾತ್ರಿ ಬರ್ಗಂಡಿಯ ಡ್ಯೂಕ್‌ನನ್ನು ಬಿಟ್ಟು ಇದೇ ಲೂಯಿಯ ಕಡೆ ಸೇರಿ, ಅವನ ಕೋಣೆಯಲ್ಲೇ ಮಲಗುವಷ್ಟು ಆಪ್ತನಾದವನು. ಒಬ್ಬನಿಗೆ ರಾಜ ಕ್ರೂರಿ, ಇನ್ನೊಬ್ಬನಿಗೆ ತನ್ನ ಕಾಲದ ಅತಿ ಚತುರ ದೊರೆ. ಇಬ್ಬರನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ಸತ್ಯ ಬರುವುದಿಲ್ಲ. ಇಬ್ಬರೂ ತಮಗೆ ಲಾಭವಿಲ್ಲದ ವಿಷಯದಲ್ಲಿ ಎಲ್ಲಿ ಒಂದೇ ಮಾತಾಡುತ್ತಾರೆ ಎಂದು ನೋಡಬೇಕು. ಉಡುಪಿನ ವಿಷಯದಲ್ಲಿ ಹಾಗಾಗಿದೆ. ರಾಜನ ವೇಷ ರಾಜನಿಗೆ ತಕ್ಕುದಾಗಿರಲಿಲ್ಲ ಎಂದು ಬಜಾನ್ ಹೀಗಳೆಯುತ್ತಾನೆ. ಕೊಮಿನ್ ಹೇಳುವುದು: ಗಿಡ್ಡ ಅಂಗಿ, ಕೆಲವೊಮ್ಮೆ ಕಳಪೆ ಬಟ್ಟೆ, ಇದಕ್ಕಿಂತ ಕೆಟ್ಟದಾಗಿ ಉಡುವುದು ಸಾಧ್ಯವಿರಲಿಲ್ಲ; ತಲೆಯ ಮೇಲೆ ಯಾರೂ ಹಾಕದಂಥ ಹಳೆಯ ಟೋಪಿ, ಅದಕ್ಕೆ ಸಿಕ್ಕಿಸಿದ ಸೀಸದ ಬಿಲ್ಲೆ. ಕ್ಯಾಸ್ಟೈಲಿನ ರಾಜನ ಭೇಟಿಯಲ್ಲಿ ಅಲ್ಲಿಯವರು ಇದನ್ನು ನೋಡಿ ಜಿಪುಣನೆಂದು ನಕ್ಕರಂತೆ. ಆ ಭೇಟಿ ನಡೆದದ್ದು 1463ರಲ್ಲಿ, ಕೊಮಿನ್ ಯಾವ ಆಸ್ಥಾನಕ್ಕೂ ಕಾಲಿಡುವ ಮೊದಲು. ಟೋಪಿ ಅವನು ಕಂಡದ್ದು. ನಗು ಮಾತ್ರ ಕೇಳಿದ್ದು.